ಕೊಂದವನು ಒಬ್ಬ, ಕಲಿಸಿದವರು ಎಷ್ಟು ಮಂದಿ?

ಪ್ರಶ್ನೆ: ನನ್ನ ಮಗ ಮತ್ತು ಸೊಸೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದಾರೆ. ಅಲ್ಲಿನ ಓಕ್ ಕ್ರೀಕ್ ಗುರುದ್ವಾರದ ಮೇಲೆ 2012ರಲ್ಲಿ ದಾಳಿ ನಡೆದದ್ದನ್ನು ಅವರಿಂದಲೇ ಕೇಳಿದೆ. ಇಂಥವರನ್ನು ಕೆಲವರು ಮಾನಸಿಕ ಅಸ್ವಸ್ಥರೆನ್ನುತ್ತಾರೆ, ಕೆಲವರು ತೀವ್ರ ಬಲಪಂಥೀಯ ಉಗ್ರರೆನ್ನುತ್ತಾರೆ. ಇದರ ಹಿಂದೆ ನಿಜಕ್ಕೂ ಒಂದು ಸಿದ್ಧಾಂತವಿದೆಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಇದೆ. ಅದನ್ನು ಹುಚ್ಚು ಎಂದು ಕರೆದು ಕೈತೊಳೆದುಕೊಂಡರೆ ಸತ್ತವರಿಗೆ ಅನ್ಯಾಯ ಮಾಡಿದಂತಾಗುತ್ತದೆ. 2012ರ ಆಗಸ್ಟ್ 5ರ ಭಾನುವಾರ ಬೆಳಿಗ್ಗೆ ಆ ಗುರುದ್ವಾರದ ಅಡುಗೆಮನೆಯಲ್ಲಿ ಹೆಂಗಸರು ಲಂಗರ್‌ಗೆ, ಅಂದರೆ ಬಂದವರಿಗೆಲ್ಲ ಉಚಿತವಾಗಿ ಬಡಿಸುವ ಊಟಕ್ಕೆ, ಅಡುಗೆ ಮಾಡುತ್ತಿದ್ದಾಗ ಹೊರಗೆ ಗುಂಡಿನ ಸದ್ದು ಕೇಳಿತು. ಹಲವರು ಪಕ್ಕದ ಉಗ್ರಾಣದಲ್ಲಿ ಅಡಗಿ ಬದುಕಿಕೊಂಡರು. ಅಂದು ಆರು ಮಂದಿ ಸತ್ತರು. ಗುಂಡೇಟಿನಿಂದ ಪಾರ್ಶ್ವವಾಯುವಿಗೆ ತುತ್ತಾಗಿದ್ದ ಏಳನೆಯವರು 2020ರಲ್ಲಿ ತೀರಿಕೊಂಡರು. ಪ್ರಾರ್ಥನಾ ಮಂದಿರದ ಬಾಗಿಲ ಚೌಕಟ್ಟಿನಲ್ಲಿ ಗುಂಡು ಹೊಕ್ಕ ತೂತನ್ನು ಮುಚ್ಚದೆ, ಅದರ ಕೆಳಗೆ ‘ನಾವೆಲ್ಲ ಒಂದೇ’ ಎಂಬ ಅರ್ಥದ ಪುಟ್ಟ ಫಲಕವನ್ನು ಹಾಕಿ ಇಟ್ಟುಕೊಂಡಿದ್ದಾರೆ.

ಕೊಂದವನು ಮಾಜಿ ಸೈನಿಕ; ಬಿಳಿಯರ ಶ್ರೇಷ್ಠತೆಯನ್ನು ಸಾರುವ ಸಂಗೀತ ತಂಡಗಳಲ್ಲಿ ವರ್ಷಗಟ್ಟಲೆ ಹಾಡಿದ್ದವನು. ಅಂದರೆ ಆ ದ್ವೇಷವನ್ನು ಅವನು ಒಂದು ರಾತ್ರಿಯಲ್ಲಿ ಕಂಡುಕೊಂಡದ್ದಲ್ಲ, ಒಂದು ಬಳಗದಲ್ಲಿ ಬೆಳೆಸಿಕೊಂಡದ್ದು. ಆ ಬಳಗದ ಮೂಲ ಕಥೆ ಸರಳವಾಗಿದೆ: ಬಿಳಿಯರು ಶ್ರೇಷ್ಠರು, ಆದರೆ ಅವರನ್ನು ನಿರ್ನಾಮ ಮಾಡುವ ಹುನ್ನಾರ ನಡೆದಿದೆ. ವಲಸಿಗರು, ಕಪ್ಪು ಜನರು, ಮುಸ್ಲಿಮರು ಆ ಹುನ್ನಾರದ ದಾಳಗಳು, ದಾಳ ಉರುಳಿಸುವವರು ಯಹೂದಿಗಳು ಎಂದು ಅದು ಹೇಳುತ್ತದೆ. ಇದೇ ಭಯಕ್ಕೆ ಫ್ರಾನ್ಸ್‌ನ ಬರಹಗಾರನೊಬ್ಬ 2011ರಲ್ಲಿ ‘ಮಹಾ ಪಲ್ಲಟ’ ಎಂಬ ಹೆಸರು ಕೊಟ್ಟ. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ 51 ಮಂದಿಯನ್ನು ಕೊಂದವನು ಆ ಹೆಸರನ್ನೇ ತನ್ನ ಬರಹದ ತಲೆಬರಹವಾಗಿಸಿಕೊಂಡಿದ್ದ. ಅದೇ ವರ್ಷ ಟೆಕ್ಸಾಸ್‌ನ ಎಲ್ ಪಾಸೊದಲ್ಲಿ 23 ಮಂದಿಯನ್ನೂ, 2022ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ 10 ಮಂದಿಯನ್ನೂ ಬಲಿತೆಗೆದುಕೊಂಡವರು ಅದೇ ಮಾತನ್ನು ಆಡಿದ್ದರು. ಈ ಕಥೆಯ ನಿಜವಾದ ವಿಷ ಎಲ್ಲಿದೆ ಎಂದರೆ, ನಿರಾಯುಧರನ್ನು ಕೊಲ್ಲುವುದನ್ನೇ ಅದು ಆತ್ಮರಕ್ಷಣೆಯೆಂದು ನಂಬಿಸುತ್ತದೆ. ಹಾಗೆ ನಂಬಿದವನಿಗೆ ಎದುರಿಗಿರುವ ಅಜ್ಜಿಯೂ ದಂಡೆತ್ತಿ ಬಂದ ಸೈನಿಕಳಂತೆ ಕಾಣುತ್ತಾಳೆ.

ಇನ್ನೊಂದು ಎಳೆ ಸರ್ಕಾರದ ಮೇಲಿನ ದ್ವೇಷ. ಟೆಕ್ಸಾಸ್‌ನ ವೇಕೊದಲ್ಲಿ ಒಂದು ಧಾರ್ಮಿಕ ಪಂಥದ ನೆಲೆಗೆ ಕೇಂದ್ರ ಪೊಲೀಸರು ಹಾಕಿದ್ದ ಮುತ್ತಿಗೆ 1993ರ ಏಪ್ರಿಲ್ 19ರಂದು ಬೆಂಕಿಯಲ್ಲಿ ಮುಗಿದು, ಮಕ್ಕಳೂ ಸೇರಿ ಹಲವರು ಸತ್ತರು. ಸರಿಯಾಗಿ ಎರಡು ವರ್ಷದ ಬಳಿಕ, ಅದೇ ದಿನ, ಟಿಮೊಥಿ ಮೆಕ್‌ವೇ ಎಂಬ ಮಾಜಿ ಸೈನಿಕ ಓಕ್ಲಹೋಮ ಸಿಟಿಯ ಸರ್ಕಾರಿ ಕಟ್ಟಡವೊಂದನ್ನು ಲಾರಿ ಬಾಂಬಿನಿಂದ ಉಡಾಯಿಸಿದ. ಸತ್ತ 168 ಮಂದಿಯಲ್ಲಿ 19 ಮಕ್ಕಳು. ಆ ಕಟ್ಟಡದಲ್ಲಿ ಒಂದು ಶಿಶುವಿಹಾರವಿತ್ತು. ಇಂದು ಅಲ್ಲಿ 168 ಖಾಲಿ ಕುರ್ಚಿಗಳಿವೆ, ಅವುಗಳಲ್ಲಿ 19 ಚಿಕ್ಕವು. ಮೊದಲ ಗಂಟೆಗಳಲ್ಲಿ ಬಹಳಷ್ಟು ಜನ ಅರಬರನ್ನು ಶಂಕಿಸಿದ್ದರೆಂಬುದನ್ನೂ ಇಲ್ಲಿ ನೆನೆಯಬೇಕು.

ತೆರಿಗೆ ಇಳಿಯಬೇಕು, ವಲಸೆಗೆ ಮಿತಿ ಬೇಕು ಎಂದು ವಾದಿಸುವವರನ್ನೆಲ್ಲ ಈ ಸಾಲಿಗೆ ಸೇರಿಸುವುದು ತಪ್ಪು. ಆ ವಾದಕ್ಕೆ ಮತಪೆಟ್ಟಿಗೆಯಿದೆ, ಸೋಲನ್ನು ಒಪ್ಪುವ ಮನಸ್ಸಿದೆ. ಹುಟ್ಟನ್ನೇ ಅಪರಾಧವೆನ್ನುವವರ ಜೊತೆ ಚರ್ಚೆಗೆ ಜಾಗವೇ ಇರುವುದಿಲ್ಲ.

ಪ್ರಶ್ನೆ: ಸಂಘಟನೆಯಿಲ್ಲದೆ ಒಬ್ಬೊಬ್ಬರೇ ಏಕೆ ದಾಳಿ ಮಾಡುತ್ತಾರೆ? ಕಾನೂನು ಏನು ಹೇಳುತ್ತದೆ?
– ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಅದೂ ಯೋಚಿಸಿ ಮಾಡಿದ ತಂತ್ರವೇ. ಪೊಲೀಸರು ಒಳಹೊಕ್ಕು ಸಂಘಟನೆಗಳನ್ನು ಮುರಿಯುತ್ತಾರೆಂದು ಅಮೆರಿಕದ ಬಿಳಿಯ ಶ್ರೇಷ್ಠತಾವಾದಿಗಳು ದಶಕಗಳ ಹಿಂದೆಯೇ ‘ನಾಯಕನಿಲ್ಲದ ಪ್ರತಿರೋಧ’ವನ್ನು ಪ್ರಚಾರ ಮಾಡಿದರು: ಆದೇಶ ಕೊಡುವವರು ಬೇಡ, ನಂಬಿಕೆ ಸಾಕು. ಅಂತರ್ಜಾಲ ಬಂದ ಮೇಲೆ ಅದು ಇನ್ನಷ್ಟು ಸುಲಭವಾಯಿತು. ಕಾನೂನಿನ ವಿಷಯಕ್ಕೆ ಬಂದರೆ, ಅಮೆರಿಕದ ಕೇಂದ್ರ ಕಾನೂನಿನಲ್ಲಿ 2001ರಿಂದ ದೇಶೀಯ ಭಯೋತ್ಪಾದನೆಯ ವ್ಯಾಖ್ಯೆಯಿದೆ, ಆದರೆ ಆ ಹೆಸರಿನ ಪ್ರತ್ಯೇಕ ಅಪರಾಧವಿಲ್ಲ. ಕೊಲೆ, ದ್ವೇಷಾಪರಾಧ, ಸ್ಫೋಟಕಗಳ ಕಾನೂನುಗಳಡಿಯೇ ಮೊಕದ್ದಮೆ ಹೂಡುತ್ತಾರೆ.

ಪ್ರಶ್ನೆ: ಇಂಥ ನಂಬಿಕೆಯಿಂದ ಹೊರಬಂದವರು ಇದ್ದಾರೆಯೇ?
– ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಇದ್ದಾರೆ. ಜರ್ಮನಿಯಲ್ಲಿ ಹಾಗೆ ಹೊರಬರುವವರಿಗೆ ನೆರವಾಗುವ ಒಂದು ಸಂಸ್ಥೆ 2000ದಿಂದಲೂ ಕೆಲಸ ಮಾಡುತ್ತಿದೆ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಮಾತ್ರ ಆರ್ನೊ ಮೈಕೆಲಿಸ್ ಅವರ ಮಾತು. ವಿಸ್ಕಾನ್ಸಿನ್‌ನಲ್ಲಿ ದ್ವೇಷದ ಗುಂಪು ಕಟ್ಟಿದ್ದ ಅವರು ಒಮ್ಮೆ ತಿಂಡಿ ಕೊಳ್ಳಲು ಹೋದಾಗ, ಕೌಂಟರ್‌ನಲ್ಲಿದ್ದ ಕಪ್ಪು ಮಹಿಳೆ ಅವರ ಬೆರಳಿನ ಮೇಲಿದ್ದ ನಾಜಿ ಚಿಹ್ನೆಯ ಹಚ್ಚೆಯನ್ನು ನೋಡಿ, ನೀನು ಇಂಥವನಲ್ಲ ಎಂಬರ್ಥದ ಮಾತನ್ನು ಮೆಲ್ಲಗೆ ಹೇಳಿದರಂತೆ. ಅವರು ಬದಲಾದದ್ದು ಅಂದೇ ಅಲ್ಲ, ಆದರೆ ಆ ಮಾತನ್ನು ಮರೆಯಲೂ ಆಗಲಿಲ್ಲ. ಓಕ್ ಕ್ರೀಕ್ ದಾಳಿಯಲ್ಲಿ ಗುರುದ್ವಾರದ ಅಧ್ಯಕ್ಷರಾಗಿದ್ದ ತಂದೆಯನ್ನು ಕಳೆದುಕೊಂಡ ಪರ್ದೀಪ್ ಕಾಲೇಕಾ, ಕೊಲೆಗಾರನನ್ನು ಅರ್ಥಮಾಡಿಕೊಳ್ಳಬೇಕೆಂದು ಹುಡುಕಿಕೊಂಡು ಹೋದದ್ದು ಇದೇ ಮೈಕೆಲಿಸ್ ಅವರನ್ನು. ಇಬ್ಬರೂ ಜೊತೆಯಾಗಿ ಶಾಲೆಗಳಿಗೆ ಹೋಗಿ ಮಕ್ಕಳೊಂದಿಗೆ ಮಾತನಾಡತೊಡಗಿದರು.