ಟೈಪ್ 1 ಇರುವ ಸಣಕಲು ಹುಡುಗಿಗೂ ಎಲ್‌ಡಿಎಲ್ ಏರುವುದೇಕೆ? ತುಪ್ಪ ನಿಲ್ಲಿಸಬೇಕೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮಗಳಿಗೆ 14 ವರ್ಷ, ಟೈಪ್ 1 ಡಯಾಬಿಟಿಸ್ (ಮೈಯಲ್ಲಿ ಇನ್ಸುಲಿನ್ ತಯಾರಾಗದ ಮಧುಮೇಹ) ಬಂದು ಮೂರು ವರ್ಷ, ತೂಕ 41 ಕೆಜಿ. ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ) 10.2, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 142. ಕಡ್ಡಿಯಂತಿರುವ ಮಗುವಿಗೆ ಕೊಲೆಸ್ಟ್ರಾಲ್ ಎಲ್ಲಿಂದ ಬಂತು ಎಂದು ಕೇಳಿದ್ದೀರಿ. ಮನೆಯಲ್ಲಿ ತುಪ್ಪ, ಮೊಟ್ಟೆ, ತೆಂಗಿನಕಾಯಿ ಮೂರೂ ಬಂದ್ ಆಗಿವೆ, ಅವಳು ತಟ್ಟೆ ಮುಂದೆ ಕೂತು ಅಳುತ್ತಾಳೆ ಎಂದೂ ಬರೆದಿದ್ದೀರಿ. ಮೊದಲು ಆ ಅಳು ನಿಲ್ಲಲಿ. ಬೆಳೆಯುವ ವಯಸ್ಸು, ಹೊಟ್ಟೆ ತುಂಬ ಊಟ ಹಾಕಿ. 142ರ ಬೇರು ಬಹುಮಟ್ಟಿಗೆ ಅದೇ ರಿಪೋರ್ಟಿನ 10.2ರಲ್ಲಿ ಇರುವಂತಿದೆ.

ನನಗೆ ಟೈಪ್ 1 ಬಂದಾಗ 12 ವರ್ಷ, ಈಗ 36. ಕೆಲಸ ಲ್ಯಾಬಿನ ಬಯೋಕೆಮಿಸ್ಟ್ರಿ ವಿಭಾಗದಲ್ಲಿ. ಡಾಕ್ಟರ್ ಅಲ್ಲ, ಔಷಧಿಯ ತೀರ್ಮಾನ ನಿಮ್ಮ ಡಾಕ್ಟರದ್ದೇ.

ಹೊಸದಾಗಿ ಟೈಪ್ 1 ಪತ್ತೆಯಾಗಿ, ಏದುಸಿರು ಬಿಡುತ್ತಾ ಅಡ್ಮಿಟ್ ಆದ ಮಕ್ಕಳ ರಕ್ತ ನಮ್ಮಲ್ಲಿಗೆ ಬರುತ್ತದೆ. ಟ್ಯೂಬನ್ನು ಯಂತ್ರದಲ್ಲಿ ತಿರುಗಿಸಿ ತೆಗೆದರೆ ಕೆಂಪು ಕೆಳಗಿಳಿದು, ಮೇಲೆ ತಿಳಿ ಹಳದಿ ಸೀರಮ್ ನಿಲ್ಲಬೇಕು. ಕೆಲವು ಮಕ್ಕಳದ್ದು ನೀರುಮಜ್ಜಿಗೆಯ ಹಾಗೆ ಬೆಳ್ಳಗಿರುತ್ತದೆ, ಟ್ಯೂಬಿನ ಹಿಂದೆ ಹಿಡಿದ ಅಕ್ಷರ ಕಾಣುವುದಿಲ್ಲ. ಅದೆಲ್ಲ ಕೊಬ್ಬು, ಟ್ರೈಗ್ಲಿಸರೈಡ್. ಅದೇ ಮಗು ಕೆಲವು ದಿನ ಇನ್ಸುಲಿನ್ ತೆಗೆದುಕೊಂಡ ಮೇಲೆ ಬಂದ ಟ್ಯೂಬು ತಿಳಿಯಾಗಿರುತ್ತದೆ. ಈ ಮಧ್ಯೆ ಮಗು ಊಟ ಬಿಟ್ಟಿರುವುದಿಲ್ಲ, ಮೊದಲಿಗಿಂತ ಚೆನ್ನಾಗಿಯೇ ತಿಂದಿರುತ್ತದೆ.

ಇನ್ಸುಲಿನ್ ಅಂದರೆ ಸಕ್ಕರೆಯ ಹಾರ್ಮೋನು ಎಂದಷ್ಟೇ ನಮಗೆ ಹೇಳಿಕೊಟ್ಟಿರುತ್ತಾರೆ. ಕೊಬ್ಬಿನ ಲೆಕ್ಕವನ್ನೂ ಅದೇ ನೋಡಿಕೊಳ್ಳುತ್ತದೆ. ರಕ್ತದಲ್ಲಿ ಓಡಾಡುವ ಕೊಬ್ಬನ್ನು ಒಡೆದು ಕೊಬ್ಬಿನ ಕೋಶಗಳಿಗೆ ಸೇರಿಸುವ ಎಂಜೈಮ್ ಚುರುಕಾಗಿರಲು ಇನ್ಸುಲಿನ್ ಬೇಕು. ಮೈಯಲ್ಲಿ ಕೂಡಿಟ್ಟ ಕೊಬ್ಬು ಕರಗಿ ಹೊರಗೆ ಹರಿಯದಂತೆ ತಡೆಯುವುದೂ ಅದೇ. ಅದು ಸಾಲದೆ ಹೋದಾಗ ಕೊಬ್ಬು ಲಿವರ್‌ಗೆ ಹರಿದು, ಅಲ್ಲಿಂದ ಹೊಸ ಕಣಗಳಾಗಿ ಮತ್ತೆ ರಕ್ತಕ್ಕೆ ಬರುತ್ತದೆ. ಇತ್ತ ಎಲ್‌ಡಿಎಲ್ಅನ್ನು ಹಿಡಿದು ಒಳಗೆಳೆದುಕೊಳ್ಳುವ ಲಿವರ್‌ನ ರಿಸೆಪ್ಟರ್‌ಗಳು ಕಡಿಮೆಯಾಗುತ್ತವೆ. ಸಕ್ಕರೆ ಅಂಟಿಕೊಂಡ ಎಲ್‌ಡಿಎಲ್ಅನ್ನು ಆ ರಿಸೆಪ್ಟರ್‌ಗಳು ಸರಿಯಾಗಿ ಗುರುತು ಹಿಡಿಯುವುದೂ ಇಲ್ಲ. ಅದಕ್ಕೇ ಸಣ್ಣಗಿರುವ ಮಗುವಿನಲ್ಲೂ ನಂಬರ್ ಏರುತ್ತದೆ. ಹರೆಯದ ಹಾರ್ಮೋನುಗಳು ಇನ್ಸುಲಿನ್‌ಗೆ ಅಡ್ಡ ನಿಲ್ಲುವ ವಯಸ್ಸು ಬೇರೆ. ಕಳೆದ ವರ್ಷದ ಡೋಸ್ ಈ ವರ್ಷ ಸಾಲುವುದಿಲ್ಲ.

ಈಗ ತುಪ್ಪದ ವಿಷಯ. ನಮ್ಮ ಕೊಲೆಸ್ಟ್ರಾಲ್‌ಗೆ ಎರಡು ದಾರಿ: ಲಿವರ್ ಮುಂತಾದ ಕಡೆ ದೇಹವೇ ತಯಾರಿಸುವುದು, ಕರುಳು ಹೀರುವುದು. ಟೈಪ್ 2 ಇರುವ ದಪ್ಪ ಮೈಯ ದೊಡ್ಡವರಲ್ಲಿ ಸಾಮಾನ್ಯವಾಗಿ ತಯಾರಿಕೆ ಹೆಚ್ಚು, ಹೀರುವಿಕೆ ಕಡಿಮೆ. ಟೈಪ್ 1ರಲ್ಲಿ ಇದು ತಿರುಗುಮುರುಗು ಎಂದು ಫಿನ್‌ಲ್ಯಾಂಡಿನ ಸಂಶೋಧಕರು ತೋರಿಸಿದ್ದಾರೆ: ತಯಾರಿಕೆ ಕಡಿಮೆ, ಕರುಳು ಹೀರುವುದು ಹೆಚ್ಚು. ಗಿಡಗಳಲ್ಲಷ್ಟೇ ಹುಟ್ಟುವ ಕ್ಯಾಂಪೆಸ್ಟೆರಾಲ್, ಸಿಟೋಸ್ಟೆರಾಲ್ ರಕ್ತದಲ್ಲಿ ಎಷ್ಟಿವೆ ಎಂದು ಅಳೆದರೆ ಕರುಳಿನ ಕೆಲಸ ಗೊತ್ತಾಗುತ್ತದೆ. ಲ್ಯಾಥೋಸ್ಟೆರಾಲ್ ಅಳೆದರೆ ತಯಾರಿಕೆಯ ಅಂದಾಜು ಸಿಗುತ್ತದೆ.

ಹಾಗಾದರೆ ತುಪ್ಪ ನಿಲ್ಲಿಸಿದ್ದು ಸರಿಯೇ ಆಯಿತಲ್ಲ ಅನ್ನಬಹುದು. ಆದರೆ ಕರುಳಿಗೆ ಬರುವ ಕೊಲೆಸ್ಟ್ರಾಲಿನಲ್ಲಿ ಹೆಚ್ಚಿನ ಪಾಲು ತಟ್ಟೆಯಿಂದ ಬಂದದ್ದಲ್ಲ, ಪಿತ್ತರಸದ ಜೊತೆ ಲಿವರ್ ಸುರಿದದ್ದು. ದೊಡ್ಡವರಲ್ಲಿ ಅದು ದಿನಕ್ಕೆ ಒಂದು ಗ್ರಾಂ ಹತ್ತಿರ. ಒಂದು ಚಮಚ ತುಪ್ಪದಲ್ಲಿ ಇರುವುದು ಸುಮಾರು 15 ಮಿಲಿಗ್ರಾಂ. ತೆಂಗಿನಕಾಯಿಯಲ್ಲಂತೂ ಕೊಲೆಸ್ಟ್ರಾಲೇ ಇಲ್ಲ. ತುಪ್ಪ, ತೆಂಗು ಎರಡರಲ್ಲೂ ಇರುವ ಸ್ಯಾಚುರೇಟೆಡ್ ಕೊಬ್ಬು ಎಲ್‌ಡಿಎಲ್ ಏರಿಸುತ್ತದೆ, ಅದಕ್ಕಾಗಿ ಅಳತೆ ಬೇಕು. ಅನ್ನಕ್ಕೆ ಒಂದು ಸಣ್ಣ ಚಮಚ, ಪಲ್ಯದ ಮೇಲೆ ಒಂದಿಷ್ಟು ತುರಿ ಇರಲಿ. ಬೇಕರಿ ಪಫ್, ಕರಿದ ಪ್ಯಾಕೆಟ್ ತಿಂಡಿ ಕಡಿಮೆ ಮಾಡಿ. ಹುರುಳಿ ಸಾರು, ಅವರೆಕಾಳು, ಓಟ್ಸ್ ಹೆಚ್ಚಿಸಿ, ಅವುಗಳ ನಾರು ಪಿತ್ತರಸವನ್ನು ಹಿಡಿದು ಹೊರಗೆ ಸಾಗಿಸುತ್ತದೆ.

ಈ 142ನ್ನು ಕಡೆಗಣಿಸಿ ಎಂದು ಮಾತ್ರ ನಾನು ಹೇಳುತ್ತಿಲ್ಲ. ಅಮೆರಿಕದ ಡಿಸಿಸಿಟಿ ಅಧ್ಯಯನದಲ್ಲಿ 13ರಿಂದ 39 ವಯಸ್ಸಿನ 1,441 ಮಂದಿ ಟೈಪ್ 1ನವರಿದ್ದರು. ಮೊದಲ ವರ್ಷಗಳಲ್ಲಿ ಸಕ್ಕರೆಯನ್ನು ಬಿಗಿಯಾಗಿ ಹಿಡಿದವರಿಗೆ ಮುಂದೆ ಹೃದಯ, ರಕ್ತನಾಳದ ತೊಂದರೆ 42% ಕಡಿಮೆಯಾಗಿತ್ತೆಂದು 2005ರಲ್ಲಿ ಪ್ರಕಟವಾಯಿತು. ಮಧುಮೇಹದ ಮಕ್ಕಳಿಗೆ ಎಲ್‌ಡಿಎಲ್ 100ರ ಒಳಗಿರಲಿ ಎನ್ನುವುದು ಡಾಕ್ಟರುಗಳ ಗುರಿ. ಆರು ತಿಂಗಳ ಪ್ರಯತ್ನದ ನಂತರವೂ 160 ದಾಟಿದ್ದರೆ, ಅಥವಾ ಬೇರೆ ಅಪಾಯವೂ ಇದ್ದು 130 ದಾಟಿದ್ದರೆ, ಹತ್ತು ವರ್ಷ ಮೇಲಿನ ಮಕ್ಕಳಿಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಯೋಚಿಸುತ್ತಾರೆ. ಅಂಥ ದಿನ ಬಂದರೆ ಹೆದರಬೇಡಿ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹಾರ್ಟ್ ಅಟ್ಯಾಕ್ ಆಗಿದ್ದರೆ ಈಗಲೇ ಡಾಕ್ಟರಿಗೆ ತಿಳಿಸಿ. ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ: ಟೈಪ್ 1 ಮಕ್ಕಳಲ್ಲಿ ಥೈರಾಯ್ಡ್ ಕೆಲಸ ಕುಗ್ಗುವುದು ಅಪರೂಪವಲ್ಲ, ಅದೊಂದೇ ಎಲ್‌ಡಿಎಲ್ ಏರಿಸಬಲ್ಲದು. ಲ್ಯಾಬಿನವಳಾಗಿ ಇನ್ನೊಂದು ಮಾತು: ಎಷ್ಟೋ ಕಡೆ ಎಲ್‌ಡಿಎಲ್ಅನ್ನು ನೇರವಾಗಿ ಅಳೆಯದೆ ಲೆಕ್ಕ ಹಾಕುತ್ತಾರೆ. ಟ್ರೈಗ್ಲಿಸರೈಡ್ 400 ದಾಟಿದ್ದರೆ ಹಳೆಯ ಸೂತ್ರದ ಆ ಲೆಕ್ಕ ನಿಲ್ಲುವುದಿಲ್ಲ.

ನನ್ನದನ್ನೂ ಹೇಳಿಬಿಡುತ್ತೇನೆ. 15ರಲ್ಲಿ ನನ್ನ ಎಲ್‌ಡಿಎಲ್ 151 ಇತ್ತು. ಆಗ ತೋರಿಸುತ್ತಿದ್ದ ಕಡೆ ಎಣ್ಣೆ-ತುಪ್ಪ ಬಿಡಿ ಎಂದರು. ಒಂದು ವರ್ಷ ಬಿಟ್ಟೆ, ಯುಗಾದಿಗೆ ತುಪ್ಪವಿಲ್ಲದ ಒಣ ಹೋಳಿಗೆ ನುಂಗಿದೆ. ನಂಬರ್ ಅಲ್ಲೇ ಇತ್ತು. ಆಮೇಲೆ ಬೇರೊಬ್ಬ ಡಾಕ್ಟರು ಹೊಟ್ಟೆಯ ಮೇಲೆ ಬೆರಳಾಡಿಸಿ ನೋಡಿದರು. ಹೊಕ್ಕಳಿನ ಬಲಕ್ಕೆ ನಿಂಬೆಹಣ್ಣಿನಷ್ಟು ಮೆತ್ತನೆಯ ಗಂಟು. ಅಲ್ಲಿ ನೋಯುವುದಿಲ್ಲ ಅಂತ ದಿನಾ ಅಲ್ಲೇ ಚುಚ್ಚಿಕೊಳ್ಳುತ್ತಿದ್ದೆ, ಹಾಕಿದ ಇನ್ಸುಲಿನ್ ಸರಿಯಾಗಿ ರಕ್ತಕ್ಕೆ ಸೇರುತ್ತಲೇ ಇರಲಿಲ್ಲ. ಹೊಸ ಜಾಗದಲ್ಲಿ ಸಕ್ಕರೆ ತೀರಾ ಇಳಿಯಬಾರದೆಂದು ಡೋಸ್ ಸ್ವಲ್ಪ ಇಳಿಸಿ ಜಾಗ ಬದಲಿಸಿದರು. ಆರು ತಿಂಗಳಲ್ಲಿ ಎಚ್‌ಬಿಎ1ಸಿ 10.6ರಿಂದ 8.3ಕ್ಕೆ ಬಂತು, ಎಲ್‌ಡಿಎಲ್ 119ಕ್ಕೆ ಇಳಿಯಿತು. ತುಪ್ಪದ ಗಿಂಡಿ ವಾಪಸ್ ಊಟದ ಮನೆಗೆ ಬಂದಿತ್ತು.

ಇವತ್ತು ರಾತ್ರಿ ಇಂಜೆಕ್ಷನ್ ಹೊತ್ತಿಗೆ ಅವಳ ಪಕ್ಕ ಕೂತುಕೊಳ್ಳಿ. ಎಲ್ಲಿ ಚುಚ್ಚಿಕೊಳ್ಳುತ್ತಾಳೆ ನೋಡಿ, ಆ ಜಾಗ ಮೆಲ್ಲಗೆ ಮುಟ್ಟಿ ನೋಡಿ. ಸ್ಕೂಲಿನಲ್ಲಿ ಮಧ್ಯಾಹ್ನದ ಡೋಸ್ ತಪ್ಪುತ್ತಿದೆಯಾ ಎಂದೂ ಕೇಳಿ. ದಪ್ಪ ಆಗುತ್ತೇನೆ ಎಂಬ ಭಯಕ್ಕೆ, ಗೆಳತಿಯರ ಮುಂದೆ ಇನ್ಸುಲಿನ್ ಪೆನ್ ತೆಗೆಯಲು ನಾಚಿಕೆಗೆ ಡೋಸ್ ಬಿಡುವ ಹುಡುಗಿಯರು ಬಹಳ ಮಂದಿ, ನಾನೂ ಬಿಟ್ಟಿದ್ದೆ. ಬೈಯದೆ ಕೇಳಿದ್ದರೆ ನಾನು ಅಮ್ಮನಿಗೆ ಹೇಳುತ್ತಿದ್ದೆ.