ಯೆಹೂದಿಯರ ಕಪ್ಪು ಪೆಟ್ಟಿಗೆ ತಾಯಿತವೇ?

ಪ್ರಶ್ನೆ: ಪ್ರಾರ್ಥಿಸುತ್ತಿರುವ ಯೆಹೂದಿಯರ ಚಿತ್ರಗಳಲ್ಲಿ ಹಣೆಯ ಮೇಲೊಂದು, ತೋಳಿನ ಮೇಲೊಂದು ಕಪ್ಪು ಪೆಟ್ಟಿಗೆ ಕಾಣುತ್ತದೆ. ಕೈಗೆ ಚರ್ಮದ ಪಟ್ಟಿ ಸುತ್ತಿರುತ್ತದೆ. ಅದು ನಮ್ಮ ತಾಯಿತದಂಥದ್ದೇ? ಈ ಪದ್ಧತಿಯ ಮೂಲ ಯಾವುದು?

ಉತ್ತರ: ಅದರ ಹೆಸರು ತೆಫಿಲಿನ್. ಬರಹವನ್ನು ಪುಟ್ಟ ಪೆಟ್ಟಿಗೆಯಲ್ಲಿಟ್ಟು ಮೈಗೆ ಕಟ್ಟಿಕೊಳ್ಳುವಷ್ಟರ ಮಟ್ಟಿಗೆ ತಾಯಿತದ ಹೋಲಿಕೆ ಸರಿ. ಆದರೆ ತಾಯಿತವನ್ನು ಕಟ್ಟಿದ ಮೇಲೆ ಬಿಚ್ಚುವುದಿಲ್ಲ. ತೆಫಿಲಿನ್ ಅನ್ನು ಸಾಮಾನ್ಯವಾಗಿ ಬೆಳಗಿನ ಪ್ರಾರ್ಥನೆಗೆ ಕಟ್ಟಿ, ಮುಗಿದೊಡನೆ ಬಿಚ್ಚಿಡುತ್ತಾರೆ. ವಾರದ ವಿಶ್ರಾಂತಿ ದಿನವಾದ ಸಬ್ಬತ್‌ನಂದು ಕಟ್ಟುವುದೇ ಇಲ್ಲ. ತೆಫಿಲಿನ್ ದೇವರೊಡನೆ ಮಾಡಿಕೊಂಡ ಒಡಂಬಡಿಕೆಯ ಗುರುತು. ಸಬ್ಬತ್ ತಾನೇ ಅಂಥ ಗುರುತಾಗಿರುವಾಗ ಇನ್ನೊಂದು ಬೇಡ ಎಂಬುದು ಧರ್ಮಪಂಡಿತರ ವಾದ. ರಕ್ಷೆಯೇ ಮುಖ್ಯವಾಗಿದ್ದರೆ ಅದಕ್ಕೆ ವಾರದ ರಜೆ ಇರುತ್ತಿತ್ತೇ?

ಹಾಗೆಂದು ರಕ್ಷೆಯ ನಂಬಿಕೆ ಇರಲೇ ಇಲ್ಲ ಎನ್ನಲಾಗದು. ಬೈಬಲಿನ ಪರಮಗೀತೆ ಎಂಬ ಗ್ರಂಥದ ಪ್ರಾಚೀನ ಅರಾಮಿಕ್ ಭಾಷಾಂತರದಲ್ಲಿ, ತೆಫಿಲಿನ್ ಕಟ್ಟಿದವರಿಗೆ ದುಷ್ಟಶಕ್ತಿಗಳು ಕೇಡು ಮಾಡಲಾರವು ಎಂಬ ಮಾತು ಬರುತ್ತದೆ. ಮತ್ತಾಯನ ಸುವಾರ್ತೆಯಲ್ಲಿ ಯೇಸು, ಜನರು ನೋಡಲೆಂದು ಇವುಗಳನ್ನು ಅಗಲ ಮಾಡಿಕೊಳ್ಳುವವರನ್ನು ಟೀಕಿಸುತ್ತಾನೆ. ಅಲ್ಲಿ ಬಳಕೆಯಾದ ಗ್ರೀಕ್ ಹೆಸರು ರಕ್ಷೆಗೂ ಸಲ್ಲುವಂಥದ್ದು.

ಇನ್ನು ಮೂಲದ ವಿಚಾರ. ಬೈಬಲಿನ ವಿಮೋಚನಕಾಂಡದ 13ನೇ ಅಧ್ಯಾಯದ ಎರಡು ಭಾಗಗಳು, ಧರ್ಮೋಪದೇಶಕಾಂಡದ 6 ಮತ್ತು 11ನೇ ಅಧ್ಯಾಯಗಳ ಒಂದೊಂದು ಭಾಗ, ಈ ನಾಲ್ಕರಲ್ಲೂ ಒಂದೇ ಆಜ್ಞೆಯಿದೆ: ಇದು ನಿನ್ನ ಕೈಯ ಮೇಲೆ ಗುರುತಾಗಿರಲಿ, ಕಣ್ಣುಗಳ ನಡುವೆ ಇರಲಿ. ಪೆಟ್ಟಿಗೆಯೊಳಗೆ ಇರುವುದೂ ಇವೇ ನಾಲ್ಕು ಭಾಗಗಳು. ಕೈಯ ಪೆಟ್ಟಿಗೆಯಲ್ಲಿ ಒಂದೇ ಚರ್ಮಪತ್ರ. ತಲೆಯದರಲ್ಲಿ ನಾಲ್ಕು ಗೂಡು, ನಾಲ್ಕು ಪತ್ರ.

ಆದರೆ ಆ ಆಜ್ಞೆಯನ್ನು ಅಕ್ಷರಶಃ ತೆಗೆದುಕೊಳ್ಳಬೇಕೇ? ನನಗೆ ಅತ್ಯಂತ ಸ್ವಾರಸ್ಯದ ಭಾಗ ಇದೇ. ಉಪದೇಶವನ್ನು ಬೆರಳುಗಳಿಗೆ ಕಟ್ಟಿಕೋ ಎಂದು ಬೈಬಲಿನ ಜ್ಞಾನೋಕ್ತಿಗಳ ಗ್ರಂಥದಲ್ಲೂ ಇದೆ. ಅದರಿಂದ ಯಾರೂ ಉಂಗುರ ಮಾಡಿಸಲಿಲ್ಲ. ಧರ್ಮಪಂಡಿತರ ಚರ್ಚೆಗಳ ಸಂಗ್ರಹವಾದ ತಾಲ್ಮುಡನ್ನು ಒಪ್ಪದ ಕರಾಯಿಟ್ ಎಂಬ ಯೆಹೂದಿ ಪಂಥದವರು ಇದನ್ನೂ ರೂಪಕವೆಂದೇ ಓದುತ್ತಾರೆ. 12ನೇ ಶತಮಾನದ ಫ್ರಾನ್ಸಿನ ಬೈಬಲ್ ವ್ಯಾಖ್ಯಾನಕಾರ ರಶ್‌ಬಾಮ್ ಕೂಡ, ಕೈಯ ಮೇಲೆ ಬರೆದಿದೆಯೋ ಎಂಬಂತೆ ಸದಾ ನೆನಪಿರಲಿ ಎನ್ನುವುದೇ ಆ ಸಾಲಿನ ನೇರ ಅರ್ಥ ಎಂದು ಬರೆದರು. ಆದರೆ ಅವರು ಪದ್ಧತಿಯ ವಿರೋಧಿಯಲ್ಲ. ಅವರ ದೃಷ್ಟಿಯಲ್ಲಿ ಸಾಲಿನ ಅರ್ಥ ಬೇರೆ, ಆಚರಣೆಯ ವಿಧಿ ಬೇರೆ. ಅವರ ತಮ್ಮ ರಬ್ಬೇನು ತಾಮ್ ಅವರಂತೂ ಪತ್ರಗಳ ಅನುಕ್ರಮದ ವಿಷಯದಲ್ಲಿ ಸ್ವಂತ ತಾತ, ಮಹಾ ವ್ಯಾಖ್ಯಾನಕಾರ ರಾಶಿಯವರ ಮತವನ್ನೇ ಒಪ್ಪಲಿಲ್ಲ. ಇಂದು ಬಹುತೇಕರು ರಾಶಿಯ ಕ್ರಮವನ್ನು ಪಾಲಿಸುತ್ತಾರೆ. ಎರಡೂ ಮತಕ್ಕೆ ಗೌರವ ಕೊಟ್ಟು ಎರಡು ಜೋಡಿ ಇಟ್ಟುಕೊಳ್ಳುವವರೂ ಇದ್ದಾರೆ.

ಪದ್ಧತಿಯಂತೂ ಹಳೆಯದು. ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಗಳಲ್ಲಿ ಸುಮಾರು 2000 ವರ್ಷ ಹಿಂದಿನ ತೆಫಿಲಿನ್‌ಗಳು ಸಿಕ್ಕಿವೆ. ಪೆಟ್ಟಿಗೆಗಳು ಬಹಳ ಚಿಕ್ಕವು, ಅಕ್ಷರಗಳು ಇನ್ನೂ ಸೂಕ್ಷ್ಮ. ಕೆಲವು ಪತ್ರಗಳಲ್ಲಿ ಇಂದಿನ ತೆಫಿಲಿನ್‌ನಲ್ಲಿಲ್ಲದ ಹತ್ತು ಆಜ್ಞೆಗಳೂ ಇವೆ. ಅಂದರೆ ಒಳಗೆ ಏನಿರಬೇಕು ಎಂಬುದು ಆಗಿನ್ನೂ ಎಲ್ಲರಿಗೂ ಒಂದೇ ಆಗಿರಲಿಲ್ಲ.

ಚಿತ್ರ ನೋಡುವಾಗ ಒಂದು ಗಮನಿಸಿ. ತಲೆಯ ಪೆಟ್ಟಿಗೆ ಹುಬ್ಬುಗಳ ನಡುವೆ ಇರುವುದಿಲ್ಲ. ಕೂದಲು ಹುಟ್ಟುವ ಗೆರೆಯ ಮೇಲೆ, ಕಣ್ಣುಗಳ ನಡುಭಾಗಕ್ಕೆ ನೇರವಾಗಿ ಇರಬೇಕು. ಕೆಳಗಿಳಿಸಿ ಹಣೆಗೆ ಕಟ್ಟುವುದನ್ನು ಯೆಹೂದಿ ಧರ್ಮವಿಧಿಗಳ ಪ್ರಾಚೀನ ಸಂಗ್ರಹವಾದ ಮಿಷ್ನಾ, ಪಾಷಂಡಿಗಳ ರೀತಿ ಎಂದೇ ಜರೆಯುತ್ತದೆ. ಇನ್ನೊಂದನ್ನು ಬಲಗೈ ಬಳಕೆಯವರು ಎಡತೋಳಿಗೆ ಕಟ್ಟಿ, ಪಟ್ಟಿಯನ್ನು ಮುಂಗೈಗೆ ಏಳು ಸುತ್ತು ಸುತ್ತುತ್ತಾರೆ. ಬೆರಳಿಗೆ ಸುತ್ತುವಾಗ ಬೈಬಲಿನ ಪ್ರವಾದಿ ಹೋಶೇಯನ ಗ್ರಂಥದ ಸಾಲುಗಳನ್ನು ಹೇಳುವ ರೂಢಿಯಿದೆ: ನಿನ್ನನ್ನು ಎಂದೆಂದಿಗೂ ನನಗೆ ನಿಶ್ಚಯಿಸಿಕೊಳ್ಳುವೆನು. ಮದುವೆಯ ಮಾತು ಅದು.

ಬರೆಯುವುದು ಕಠಿಣ ಕೆಲಸ. ಒಂದು ಅಕ್ಷರ ಬಿಟ್ಟುಹೋದರೂ ಪತ್ರ ಅಸಿಂಧು. ಬೈಬಲಿನ ಮೊದಲ ಐದು ಗ್ರಂಥಗಳಿರುವ ತೋರಾ ಸುರುಳಿಯಲ್ಲಾದರೆ ಬಿಟ್ಟ ಅಕ್ಷರವನ್ನು ಆಮೇಲೆ ಸೇರಿಸಬಹುದು. ಇಲ್ಲಿ ಅಕ್ಷರಗಳನ್ನು ಒಂದಾದ ಮೇಲೊಂದರಂತೆ ಕ್ರಮವಾಗಿಯೇ ಬರೆಯಬೇಕಾದ್ದರಿಂದ ಹಿಂದಿರುಗಿ ಸೇರಿಸುವಂತಿಲ್ಲ. ಪೆಟ್ಟಿಗೆಯನ್ನು ಹೊಲಿದ ಮೇಲೆ ಈ ಬರಹ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ, ತಿಳಿದವರು ಕೊಳ್ಳುವಾಗ ಚರ್ಮದ ಹೊಳಪಿಗಿಂತ ಬರೆದವರು ಯಾರು ಎಂದು ಮೊದಲು ವಿಚಾರಿಸುತ್ತಾರೆ.