ಬಾಗಿದ ಬೆರಳಿಗೆ ಮೊದಲು ಬೂಟು ನೋಡಿ

ದಾವಣಗೆರೆಯ ಮಂಡಿಪೇಟೆಯ ಅಂಗಡಿಯಲ್ಲಿ ದಿನವಿಡೀ ನಿಲ್ಲುವ ನಿಮ್ಮ ತಂದೆಯವರ ಕಾಲಿನ ಹೆಬ್ಬೆರಳ ಪಕ್ಕದ ಬೆರಳು ಬಾಗಿದೆ, ಮೇಲೆ ಆಣಿ ಎದ್ದಿದೆ, ಆಪರೇಷನ್ ಬೇಕೇ ಎಂದು ಕೇಳಿದ್ದೀರಿ. ಬೆರಳನ್ನು ಕೈಯಿಂದ ಮೆಲ್ಲಗೆ ನೇರ ಮಾಡಿ ನೋಡಿ. ನೇರವಾದರೆ ಕೀಲು ಇನ್ನೂ ಬಿಗಿದಿಲ್ಲ, ಸದ್ಯಕ್ಕೆ ಆಪರೇಷನ್ ಮಾತು ಬೇಡ. ಅಲುಗದಿದ್ದರೆ ಮೂಳೆ ವೈದ್ಯರಿಗೆ ತೋರಿಸಿ.

ಇದು ಹ್ಯಾಮರ್‌ಟೋ ಇದ್ದಂತಿದೆ. ಬೆರಳನ್ನು ಮಡಿಸುವ, ಚಾಚುವ ಸ್ನಾಯುಗಳ ಹೊಂದಾಣಿಕೆ ತಪ್ಪಿ ನಡುಗೀಲು ಗೂನಾಗುತ್ತದೆ. ಇಕ್ಕಟ್ಟಾದ ಬೂಟು ಅದಕ್ಕೆ ಕುಮ್ಮಕ್ಕು. ನನಗೂ ಹೀಗೇ ಆಗಿತ್ತು. ಮದುವೆಗೆಂದು ಆಸೆಪಟ್ಟು ಕೊಂಡ ಚೂಪು ಮೂತಿಯ ಬೂಟಿನೊಳಗೆ ಕೈ ಹಾಕಿದರೆ, ಗೆಣ್ಣು ತಿಕ್ಕಿದ ಕಡೆ ಅಸ್ತರು ರೂಪಾಯಿಯಗಲ ಸವೆದಿತ್ತು! ಅಗಲ ಮೂತಿಯದನ್ನು ಸಂಜೆ, ಕಾಲು ತುಸು ಊದಿರುವಾಗ, ಹಾಕಿ ನೋಡಿ ಕೊಳ್ಳಿ. ನೆಲದ ಮೇಲಿನ ಟವೆಲನ್ನು ಬೆರಳುಗಳಿಂದ ಮುದುರಿ ಎಳೆಯುವ ವ್ಯಾಯಾಮವನ್ನೂ ಮಾಡಿಸಿ.

ಆಣಿಯನ್ನು ಬ್ಲೇಡಿನಿಂದ ಕೆತ್ತಲು ಬಿಡಬೇಡಿ. ಸಕ್ಕರೆ ಕಾಯಿಲೆ ಇದ್ದರೆ ಔಷಧಿ ಅಂಗಡಿಯ ಆಣಿ ಪಟ್ಟಿಯೂ ಬೇಡ. ಅದರ ಸ್ಯಾಲಿಸಿಲಿಕ್ ಆಮ್ಲ ಒಳ್ಳೆಯ ಚರ್ಮವನ್ನೂ ಸುಡುತ್ತದೆ, ಜೋಮು ಹಿಡಿದ ಪಾದಕ್ಕೆ ಅದು ತಿಳಿಯುವುದೇ ಇಲ್ಲ.